ನಾಲ್ಕು ಸೆಂಟಿಮೀಟರ್

ಕುಡಗೋಲಿನ ತುದಿ ನನ್ನ ಗಂಟಲಿನ ಮೇಲಿತ್ತು.

ಹಿಡಿದವಳು ಬಸುರಿ!

ಉಗುಳು ನುಂಗಿದರೂ ಚರ್ಮ ಸೀಳುವ ಹಾಗಿತ್ತು. ಪವಾಯಿ ಕೆರೆಯ ಹಿಂದಿನ ಗುಡ್ಡ. ಕಲ್ಲುಗಣಿಯ ಕೂಲಿಗಳ ಬಸ್ತಿ. ತಗಡು ಹೊದಿಸಿದ ಗುಡಿಸಲು. ಹೊರಗೆ ಬೆಳಗಿನ ಬಿಸಿಲು, ಕಲ್ಲು ಒಡೆಯುವ ಸದ್ದು. ಒಳಗೆ ನಾನು, ಭಾಗವ್ವ ಮತ್ತು ಆ ಕುಡಗೋಲು.

"ಯಾರು ಕಳಿಸ್ಯಾರ ನಿನ್ನ?"

"ದಾನಪ್ಪ ಮುಕಾದಮ."

ಸುಳ್ಳು ಹೇಳಬಹುದಿತ್ತು. ಆದರೆ ಗಂಟಲಿನ ಮೇಲೆ ಕಬ್ಬಿಣ ಇರುವಾಗ ನಾನು ಸುಳ್ಳು ಹೇಳುವುದಿಲ್ಲ. ಅದೊಂದು ಶಿಸ್ತು.

"ಚೈತ್ರದಾಗ ಬಂದು ನನ್ನ ಗಂಡನ್ನ ಹುಡುಕಿದಿ ಪೊಲೀಸಪ್ಪ. ಈಗ ಏನ್ ಹುಡುಕಾಕ ಬಂದಿ?"

"ನಿನ್ನ ಗಂಡನ್ನಲ್ಲ ತಂಗಿ. ನಿನ್ನ ಹೊಟ್ಟ್ಯಾಗಿನ ಕೂಸಿನ ವಯಸ್ಸು."

ಕುಡಗೋಲು ಇನ್ನಷ್ಟು ಒತ್ತಿತು. ಬಿಸಿಯಾದದ್ದೇನೋ ಅಂಗಿಯ ಕಾಲರಿಗೆ ಇಳಿಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಿಂದಿನದು ಗೊತ್ತಿಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ನನ್ನ ಹೆಸರು ಅಣವೀರಪ್ಪ. ಸಿಂದಗಿ ಕಡೆಯವನು. ಮುಂಬಯಿ ಪೊಲೀಸಿನಲ್ಲಿ ಹವಾಲ್ದಾರನಾಗಿದ್ದೆ. ಒಬ್ಬ ಸಾಹೇಬನ ದವಡೆ ಮುರಿದ ದಿನ ಕೆಲಸ ಹೋಯಿತು. ಈಗ ಫೋರ್ಟಿನ ವಕೀಲರಿಗೆ ಓಡಿಹೋದವರನ್ನು ಹುಡುಕಿ ಕೊಡುವುದು ನನ್ನ ದಂಧೆ.

ಇದು ಎಪ್ಪತ್ತೆಂಟರ ಮಾತು. ಆ ವರ್ಷ ಫೆಬ್ರವರಿಯಲ್ಲಿ, ಕೂಲಿಗಳ ಗುತ್ತಿಗೆದಾರ ದಾನಪ್ಪನ ಗಣಿಯಲ್ಲಿ ಕಲ್ಲು ಸಿಡಿಸುವ ಮದ್ದು ಹೊತ್ತಿಗೆ ಮೊದಲೇ ಹಾರಿತು. ಐದು ಜನ ಕೂಲಿಗಳು ಕಲ್ಲಿನಡಿ ಸಿಕ್ಕರು. ದಾನಪ್ಪ ಅವರನ್ನು ತೆಗೆಸಲಿಲ್ಲ. ಮೇಲೆ ಇನ್ನೂ ನಾಲ್ಕು ಲಾರಿ ಕಲ್ಲು ಸುರಿಸಿದ! ಊರಿಗೆ ಹೋದರು ಎಂದು ಸಾರಿಸಿದ. ಕಲ್ಲು ಸುರಿಯುವಾಗ ಅಡಿಯಲ್ಲಿ ಒಬ್ಬ ಇನ್ನೂ ಕೂಗುತ್ತಿದ್ದನಂತೆ. ಅದನ್ನು ಕಿವಿಯಾರೆ ಕೇಳಿದವನು ಭಾಗವ್ವನ ಗಂಡ ಹಣಮಂತ. ಕೋರ್ಟಿಗೆ ಹೋಗಿ ಹೇಳುತ್ತೇನೆ ಎಂದು ಬಸ್ತಿಯ ನಡುವೆ ನಿಂತು ಕೂಗಾಡಿದ.

ಶಿವರಾತ್ರಿಯ ಮಾರನೆಯ ದಿನ ಅವನ ಅಂಗಿ, ಚಪ್ಪಲಿ ಪವಾಯಿ ಕೆರೆಯ ದಂಡೆಯಲ್ಲಿ ಸಿಕ್ಕವು. ಆ ಕೆರೆಯಲ್ಲಿ ಮೊಸಳೆಗಳಿವೆ. ಹೆಣ ಸಿಗಲಿಲ್ಲವೆಂದು ಯಾರೂ ಆಶ್ಚರ್ಯಪಡಲಿಲ್ಲ.

ಕೂಲಿಗಳ ಯೂನಿಯನ್ನಿನ ವಕೀಲರು ಏಪ್ರಿಲ್‌ನಲ್ಲಿ ನನ್ನನ್ನು ಕಳಿಸಿದರು. ನಾಲ್ಕೈದು ಸಲ ಈ ಗುಡಿಸಲಿಗೆ ಬಂದೆ. ಇವಳು ಬಾಯಿ ಬಿಡಲಿಲ್ಲ. ಸತ್ತಿದ್ದಾನೆ ಎಂದು ವರದಿ ಕೊಟ್ಟೆ. ಮರೆತೆ.

ಈಗ ಆಗಸ್ಟ್. ನಾಗರಪಂಚಮಿ ಆಗಷ್ಟೇ ಮುಗಿದಿತ್ತು. ಆ ಐದು ಸಾವುಗಳ ಬಗ್ಗೆ ಮ್ಯಾಜಿಸ್ಟ್ರೇಟರ ವಿಚಾರಣೆ ಸೋಮವಾರ ಶುರುವಾಗುವುದಿತ್ತು. ದಾನಪ್ಪ ನನ್ನನ್ನು ಕರೆಸಿದ. "ಹಣಮಂತನ ಹೆಂಡ್ತಿ ಬಸರದಾಳ. ಗಂಡ ಇದ್ದಾಗಿನ ಗರ್ಭ ಅಂತಾಳ. ಖರೆ ಇದ್ರ ಪರಿಹಾರ ಕೊಡ್ತೀನಿ. ಸೂಲಗಿತ್ತಿ ಗಂಗುಬಾಯಿ ಒಮ್ಮೆ ನಾಕು ತಿಂಗಳಂತಾಳ, ಒಮ್ಮೆ ಆರಂತಾಳ. ಫೋರ್ಟಿನಾಗ ಹೊಟ್ಟಿ ಒಳಗ ನೋಡೋ ಮಷಿನ್ ಬಂದೈತಂತ. ಕರ್ಕೊಂಡು ಹೋಗು. ಎಷ್ಟು ತಿಂಗಳು ಅಂತ ನಂಗ ತಿಳೀಬೇಕು."

ವಿಚಾರಣೆಗೆ ಮುಂಚೆ ಒಳ್ಳೆಯವನೆನಿಸಿಕೊಳ್ಳಲು ನೋಡುತ್ತಿದ್ದಾನೆ ಅಂದುಕೊಂಡೆ. ನಂಬಿದೆ.

ನಗಬೇಡಿ.

"ನಂಗ ಅಂವನ ಪರಿಹಾರ ಬ್ಯಾಡ," ಎಂದಳು ಭಾಗವ್ವ. "ಹೋಗಂತ ಹೇಳು."

"ಆ ಮಷಿನ್ನಿನಾಗ ವಯಸ್ಸಷ್ಟೇ ಅಲ್ಲ ತಂಗಿ... ಕೂಸು ಜೀವಂತ ಐತೋ ಇಲ್ಲೋ, ಅದೂ ಕಾಣ್ತೈತಿ."

ಕುಡಗೋಲಿನ ಒತ್ತು ಸಡಿಲವಾಯಿತು.

ಬಾಗಿಲಲ್ಲಿ ಪಕ್ಕದ ಗುಡಿಸಲಿನ ರುದ್ರವ್ವ ನಿಂತಿದ್ದಳು. ಬಿಳಿ ತಲೆಯ ಮುದುಕಿ. ಬಸ್ತಿಯಲ್ಲಿ ಭಾಗವ್ವನಿಗೆ ತಾಯಿಯ ಹಾಗಿದ್ದವಳು.

"ಮೂರು ದಿನದಿಂದ ರಕ್ತ ಕಾಣಿಸೈತ್ರಿ ಇಕಿಗೆ," ಎಂದಳು. "ಮೊದಲಿನವು ಎರಡೂ ಹಿಂಗ ಹ್ವಾದವು. ಹೋಗಿ ಬಾ ಭಾಗವ್ವ. ಯಾರರೆ ಕಳಿಸಿರ್ಲಿ. ಕೂಸಿನ ಸುದ್ದಿ ತಿಳೀತೈತಿ."

ಭಾಗವ್ವ ನನ್ನ ಮುಖವನ್ನೇ ನೋಡಿದಳು. ಕುಡಗೋಲು ಕೆಳಗಿಳಿಯಿತು.

"ಖರೇನ ಕಾಣ್ತೈತೇನು?"

"ಖರೇ."

ಕಾಂಜುರ್‌ಮಾರ್ಗ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದೆವು. ಅದೇ ಡಬ್ಬಿಯ ಬಾಗಿಲಲ್ಲಿ ಪರಸ್ಯಾ ಜೋತಾಡುತ್ತಿದ್ದ. ದಾನಪ್ಪನ ಬಲಗೈ. ಗಣಿಯ ಮದ್ದಿಗೆ ಎರಡು ಬೆರಳು ಕೊಟ್ಟವನು. ಉಳಿದ ಬೆರಳುಗಳಿಗೆ ಚಾಕು ಸಾಕು. ನನ್ನನ್ನು ನೋಡಿ ಹಲ್ಲು ಕಿರಿದ.

ಕೂಸಿನ ತಿಂಗಳು ತಿಳಿಯಲು ಪರಸ್ಯಾ ಯಾಕೆ?

ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಫೋರ್ಟಿನ ಹಳೆಯ ಬಿಲ್ಡಿಂಗು. ಕೆಳಗೆ ಉಡುಪಿ ಹೋಟೆಲ್ಲು, ಎರಡನೇ ಮಾಳಿಗೆಯಲ್ಲಿ ಡಾಕ್ಟರ್ ವಸಂತಿ ಪ್ರಭು ಅವರ ದವಾಖಾನೆ. ಮಂಗಳೂರಿನವರು. ಐವತ್ತರ ಆಸುಪಾಸು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ.

"ನೀರು ಕುಡಿ. ಇನ್ನೂ ಕುಡಿ. ಮೂತ್ರಕೋಶ ತುಂಬಿದರೆ ಮಾತ್ರ ಮಗು ಸರಿಯಾಗಿ ಕಾಣುವುದು. ನೀವು ಯಾರು ಮಾರಾಯ್ರೇ? ಗಂಡನಾ?"

"ಅಲ್ಲ. ಊರಿನವನು."

"ಹಾಗಾದರೆ ಹೊರಗೆ."

"ಅಣ್ಣಾರು ಇರ್ಲಿ," ಎಂದಳು ಭಾಗವ್ವ. ಕುಡಗೋಲು ಹಿಡಿದ ಕೈ ಈಗ ಮಂಚದ ಅಂಚು ಹಿಡಿದಿತ್ತು. "ನಂಗ ಈ ಊರಿನ ಮಾತು ತಿಳಿಯಂಗಿಲ್ರಿ."

ಪರಸ್ಯಾ ಹೊರಗೆ ಬೆಂಚಿನ ಮೇಲೆ ಉಳಿದ. ನಾನು ಗೋಡೆಗೆ ಒರಗಿ ನಿಂತೆ.

ಕೋಣೆ ಕತ್ತಲು ಮಾಡಿದರು. ಭಾಗವ್ವನ ಹೊಟ್ಟೆಗೆ ಎಣ್ಣೆ ಸವರಿ, ಮೇಲಿನಿಂದ ಒಂದು ಕಬ್ಬಿಣದ ಡಬ್ಬಿ ಇಳಿಸಿದರು. ಯಂತ್ರ ಗುಂಯ್‌ಗುಟ್ಟಿತು. ನಮ್ಮ ಕಿವಿಗೆ ಕೇಳದ ಸದ್ದನ್ನು ಅದು ಹೊಟ್ಟೆಯೊಳಕ್ಕೆ ಕಳಿಸುತ್ತದಂತೆ. ಗುಡ್ಡಕ್ಕೆ ಕೂಗಿದರೆ ದನಿ ಮರಳುವ ಹಾಗೆ ಅದು ಮರಳುತ್ತದಂತೆ. ಮರಳಿದ್ದು ಪರದೆಯ ಮೇಲೆ ಬೆಳ್ಳಗೆ ಮೂಡುತ್ತದೆ.

ಮೊದಲು ಬರೀ ಬೂದಿ ಬಣ್ಣದ ಹೊಗೆ.

ಆಮೇಲೆ ಒಂದು ಕೈ!

ಆಣೆ ಮಾಡಿ ಹೇಳುತ್ತೇನೆ... ಅಷ್ಟು ವರ್ಷ ಪೊಲೀಸಿನಲ್ಲಿ ಹೆಣಗಳನ್ನು ನೋಡಿದವನು ನಾನು. ಇನ್ನೂ ಹುಟ್ಟದವರನ್ನು ನೋಡಿದ್ದು ಅದೇ ಮೊದಲು. ಕೂಸು ಕೈ ಎತ್ತಿತು. ಒಂದು ಗಳಿಗೆ ತಡೆದು ಇಳಿಸಿತು.

"ಜೀವ ಉಂಟು," ಎಂದರು ಡಾಕ್ಟರಮ್ಮ. "ಚೆನ್ನಾಗಿ ಆಡ್ತಾ ಉಂಟು. ಹೆದರಬೇಡ."

ಭಾಗವ್ವ ಅಳಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡಳು, ಅಷ್ಟೇ.

"ಎಷ್ಟು ತಿಂಗಳು ಡಾಕ್ಟರೇ?" ಎಂದೆ.

"ಅದನ್ನು ತಲೆ ಹೇಳ್ತದೆ." ಪರದೆಯ ಮೇಲೆ ಮೊಟ್ಟೆಯಂಥ ಬಿಳಿ ಬಳೆಯೊಂದು ನಿಂತಿತು. ಡಾಕ್ಟರಮ್ಮ ಅದರ ಒಂದು ಬದಿಯಿಂದ ಇನ್ನೊಂದು ಬದಿಗೆ ಅಳೆದರು. ಮತ್ತೊಮ್ಮೆ ಅಳೆದರು. ಗೋಡೆಯ ಮೇಲಿನ ನಕ್ಷೆ ನೋಡಿದರು. "ತಲೆಬುರುಡೆಯ ಈ ಬದಿಯಿಂದ ಆ ಬದಿಗೆ ನಾಲ್ಕು ಸೆಂಟಿಮೀಟರ್. ಹದಿನೆಂಟು ವಾರ. ಹೆಚ್ಚೆಂದರೆ ಒಂದು ವಾರ ಆಚೆ ಈಚೆ. ನಾಲ್ಕು ತಿಂಗಳು ದಾಟಿದೆ ಅಂತ ಇಟ್ಟುಕೊಳ್ಳಿ."

"ಆರು ತಿಂಗಳಿರಬೇಕಲ್ಲಾ?"

"ಆರಾಗಿದ್ದರೆ ತಲೆಯೂ ಆರು ಸೆಂಟಿಮೀಟರಿನ ಹತ್ತಿರ ಇರಬೇಕಿತ್ತು."

"ಹೊಟ್ಟೆಗೆ ಸರಿಯಾಗಿ ಊಟವಿಲ್ಲ ಇವಳಿಗೆ. ಕೂಸು ಸಣ್ಣದಾಗಿರಬಹುದಲ್ಲ?"

"ತಾಯಿಯ ಹೊಟ್ಟೆ ನೋಡಿ ಹೇಳುವವರು ಮೋಸ ಹೋಗುವುದು ಅಲ್ಲೇ. ಈ ತಿಂಗಳುಗಳಲ್ಲಿ ಎಲ್ಲ ಮಕ್ಕಳ ತಲೆಯೂ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಬೆಳೀತದೆ. ಕೂಲಿಯವಳ ಮಗು, ಸಾಹುಕಾರನ ಮಗು ಅಂತ ವ್ಯತ್ಯಾಸ ಇಲ್ಲ. ಮತ್ತೆ ನಾವು ಎಣಿಸುವುದು ಕೊನೆಯ ಮುಟ್ಟಿನಿಂದ. ಗರ್ಭ ನಿಂತದ್ದು ಅದಕ್ಕೆ ಎರಡು ವಾರ ಈಚೆ. ಅಂದರೆ ಏಪ್ರಿಲ್ ನಡುವಿನ ಮೇಲೆ."

ಏಪ್ರಿಲ್!

ಹಣಮಂತ ಕೆರೆಯಲ್ಲಿ ಮುಳುಗಿದ್ದು ಮಾರ್ಚ್‌ನಲ್ಲಿ.

ಭಾಗವ್ವನ ಕಡೆ ನೋಡಿದೆ. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ನಾಚಿಕೆ ಇರಲಿಲ್ಲ. ಹೆದರಿಕೆ ಇತ್ತು. ತನಗಾಗಿ ಅಲ್ಲ.

"ಬದುಕ್ಯಾನ," ಎಂದೆ.

"ಅಣ್ಣಾರ..."

"ಹಣಮಂತ ಬದುಕ್ಯಾನ. ಬಂದು ಹೋಗ್ಯಾನ."

ಅವಳು ಕಣ್ಣು ಮುಚ್ಚಿದಳು. ಉತ್ತರಕ್ಕೆ ಅಷ್ಟೇ ಸಾಕಾಯಿತು.

ದಾನಪ್ಪನಿಗೆ ಕೂಸು ಬೇಕಿರಲಿಲ್ಲ. ಪರಿಹಾರವೂ ಸುಳ್ಳು. ಅವನು ಅಳೆಸಿದ್ದು ಕೂಸಿನ ತಲೆಯನ್ನಲ್ಲ... ಅಪ್ಪನ ತಲೆಯನ್ನು! ಆರು ತಿಂಗಳಾದರೆ ಹಣಮಂತ ಸತ್ತಿದ್ದಾನೆ. ನಾಲ್ಕಾದರೆ ಬದುಕಿದ್ದಾನೆ, ಸೋಮವಾರ ವಿಚಾರಣೆಗೆ ಬರುತ್ತಾನೆ. ಹಾಗಾದರೆ ಇವಳ ಬೆರಳು ಒಂದೊಂದಾಗಿ ಮುರಿದು ಅವನಿರುವ ಜಾಗ ಕೇಳಬೇಕು.

ಆ ಕೆಲಸಕ್ಕೆ ಪರಸ್ಯಾ.

"ಡಾಕ್ಟರೇ, ಹೊರಗಿರುವವನು ಕೇಳಿದರೆ ಆರು ತಿಂಗಳು ಅನ್ನಿ."

"ಯಾಕೆ?"

"ಒಂದು ಜೀವದ ಪ್ರಶ್ನೆ."

"ನನ್ನದೂ ಜೀವದ ಪ್ರಶ್ನೆಯೇ!" ಕನ್ನಡಕ ತೆಗೆದರು. "ಆರು ಅಂತ ಹೇಳಿದರೆ ದಿನ ತುಂಬಿತು ಅಂತ ಯಾರಾದರೂ ಹೊತ್ತಿಗೆ ಮೊದಲೇ ಹೆರಿಗೆ ಮಾಡಿಸ್ತಾರೆ. ಮಗು ಸಾಯ್ತದೆ. ಅಳತೆಯಲ್ಲಿ ನಾನು ಸುಳ್ಳು ಹೇಳುವುದಿಲ್ಲ. ಬೇಕಾದರೆ ಬಾಯಿ ಮುಚ್ಚಿ ಕೂತೇನು."

"ಅಷ್ಟು ಸಾಕು. ಹಿಂದೆ ಬೇರೆ ಜಿನೆ ಇದೆಯಾ?"

ಇತ್ತು. ಕಸ ಗುಡಿಸುವವರು ಹತ್ತುವ ಕಬ್ಬಿಣದ ಸುತ್ತು ಮೆಟ್ಟಿಲು. ಭಾಗವ್ವನ ತೋಳು ಹಿಡಿದು ಇಳಿದೆ. ತುಕ್ಕು ಹಿಡಿದ ಮೆಟ್ಟಿಲುಗಳು ಕಿರುಗುಟ್ಟಿದವು. ಒಂದು ಸುತ್ತು. ಎರಡು. ಕೆಳಗೆ ಹೋಟೆಲಿನವರು ಪಾತ್ರೆ ತೊಳೆಯುವ ಗಲ್ಲಿ. ಸಾಂಬಾರಿನ ವಾಸನೆ. ಇನ್ನೇನು ಕಾಲು ನೆಲಕ್ಕೆ ತಾಗಬೇಕು...

"ಎಲ್ಲಿಗೆ ಹವಾಲ್ದಾರ್ರ?"

ದಾನಪ್ಪ ನಿಂತಿದ್ದ. ಬಿಳಿ ಧೋತರ, ಬಿಳಿ ಟೋಪಿ, ಬಾಯ್ತುಂಬ ಎಲೆಯಡಿಕೆ. ಹಿಂದೆ ಅವನ ಅಂಬಾಸಡರ್ ಗಲ್ಲಿಯ ಬಾಯಿ ಮುಚ್ಚಿತ್ತು. ಮೇಲಿನಿಂದ ಪರಸ್ಯಾ ಇಳಿದು ಬರುವ ಸದ್ದು.

ತಿರುಗಿ ಗುದ್ದಿದೆ. ಪರಸ್ಯಾನ ಮೂಗಿನಿಂದ ರಕ್ತ ಚಿಮ್ಮಿತು. ಅವನು ಚಾಕುವಿನ ಹಿಡಿಯಿಂದ ನನ್ನ ಕಿವಿಯ ಹಿಂದೆ ಬಾರಿಸಿದ. ಗಲ್ಲಿ ತಲೆಕೆಳಗಾಯಿತು.

ಕಣ್ಣು ತೆರೆದಾಗ ಮತ್ತೆ ಅದೇ ಕತ್ತಲ ಕೋಣೆ. ಭಾಗವ್ವ ಮಂಚದ ಮೇಲೆ. ಡಾಕ್ಟರಮ್ಮ ಗೋಡೆಗೆ ಒರಗಿ, ಬೆಳ್ಳಗೆ ಬಿಳಿಚಿಕೊಂಡು, ಆದರೂ ನೆಟ್ಟಗೆ ನಿಂತಿದ್ದರು. ದಾನಪ್ಪ ಅವರ ಕುರ್ಚಿಯಲ್ಲಿ.

"ಎಷ್ಟು ತಿಂಗಳು ಡಾಕ್ಟರಮ್ಮ?"

"ಅದು ನನ್ನ ಪೇಷಂಟಿನ ವಿಷಯ. ಹೊರಗೆ ನಡೆಯಿರಿ!"

ದಾನಪ್ಪ ಪರಸ್ಯಾನಿಗೆ ಕಣ್ಣು ಮಾಡಿದ. ಪರಸ್ಯಾ ಚಾಕುವನ್ನು ಭಾಗವ್ವನ ಹೊಟ್ಟೆಯ ಮೇಲೆ ಇಟ್ಟ. ಎಣ್ಣೆ ಇನ್ನೂ ಆರಿರಲಿಲ್ಲ. ಚಾಕು ಜಾರಿತು. ಅವನು ಎತ್ತಿ ಮತ್ತೆ ಇಟ್ಟ. ಈ ಸಲ ಮೊನೆ ಕೆಳಗೆ.

"ಮಷಿನ್ನಿಗಿಂತ ಜಲ್ದಿ ತೆಗೆದು ನೋಡ್ತಾನ ಇಂವಾ," ಎಂದ ದಾನಪ್ಪ.

ಏಳಲು ನೋಡಿದೆ. ಕಾಲುಗಳು ನನ್ನವಾಗಿರಲಿಲ್ಲ.

"ನಾಕು ತಿಂಗಳು."

ಹೇಳಿದವಳು ಭಾಗವ್ವ.

ದಾನಪ್ಪ ಎದ್ದು ಬಂದ. "ನಾಕು? ಅಂದ್ರ ಹಣಮ್ಯಾ ಬದುಕ್ಯಾನ."

"ಅಂವಾ ಸತ್ತಾನ. ಕೆರಿ ನುಂಗೈತಿ ಅಂವನ್ನ. ಇದು ಅಂವನ ಕೂಸಲ್ಲ."

"ಮತ್ತ ಯಾರ್ದು?"

ಅವಳು ಚಾವಣಿ ನೋಡುತ್ತಿದ್ದಳು. ಸಂತೆಯಲ್ಲಿ ಜೋಳದ ಧಾರಣೆ ಹೇಳುವವಳ ಹಾಗೆ ಹೇಳಿದಳು.

"ಈ ಪೊಲೀಸಪ್ಪಂದು. ಚೈತ್ರದಾಗ ಬರ್ತಿದ್ದ ನನ್ನ ಗುಡಿಸಲಕ್ಕ. ಬಸ್ತಿ ಮಂದಿ ಎಲ್ಲಾ ನೋಡ್ಯಾರ."

ದಾನಪ್ಪ ಪರಸ್ಯಾನ ಕಡೆ ತಿರುಗಿದ. ಪರಸ್ಯಾ ಮೂಗು ಒರೆಸಿಕೊಂಡ. "ಬರ್ತಿದ್ರಿ ಮಾಲಕ್ರ. ನಾನೂ ನೋಡೀನಿ. ನಾಕೈದು ಸಲ."

ಎಲ್ಲರ ಕಣ್ಣೂ ನನ್ನ ಮೇಲೆ. ಅವಳದೊಂದನ್ನು ಬಿಟ್ಟು.

"ಹೌದು," ಎಂದೆ. "ನಂದೇ."

ದಾನಪ್ಪ ನಕ್ಕ. ಹೊಟ್ಟೆ ಹಿಡಿದು ನಕ್ಕ. "ಗಂಡನ್ನ ಹುಡುಕಾಕ ಕಳಿಸಿದ್ರ ಹೆಂಡ್ತೀನ ಹುಡುಕ್ಯಾನ! ಜ್ವಾಕಿ ಮಾಡೋ ಹವಾಲ್ದಾರ. ಸತ್ತಾಂವನ ಹೆಂಡ್ತಿ, ಪಾಪ!"

ಹೋದರು. ಬೂಟುಗಳ ಸದ್ದು ಮೆಟ್ಟಿಲಿಳಿದು ಮುಗಿಯಿತು. ಡಾಕ್ಟರಮ್ಮ ಕೂತೇ ಬಿಟ್ಟರು.

ಗೆದ್ದೆವು ಅಂದುಕೊಂಡೆ.

ಸುದ್ದಿ ನಮಗಿಂತ ಮೊದಲಿನ ಲೋಕಲ್ ಹಿಡಿದಿತ್ತು. ನಾವು ಬಸ್ತಿ ಮುಟ್ಟುವಷ್ಟರಲ್ಲಿ ಭಾಗವ್ವನ ಪಾತ್ರೆ ಪಡಗ ಬೀದಿಯಲ್ಲಿ ಬಿದ್ದಿದ್ದವು. ಹೆಂಗಸರು ಬಾಗಿಲು ಹಾಕಿಕೊಂಡರು. ಯಾರೋ ಒಂದು ಕಲ್ಲು ಎಸೆದರು. ಕಲ್ಲಿಗೇನು ಬರ ಆ ಬಸ್ತಿಯಲ್ಲಿ!

ರುದ್ರವ್ವ ಎದುರಿಗೆ ಬಂದಳು. ಭಾಗವ್ವ ಅವಳ ಕೈ ಹಿಡಿಯಲು ಹೋದಳು. ಮುದುಕಿ ಕೈ ಕೊಡವಿ ಉಗುಳಿದಳು. ನಮಗಷ್ಟೇ ಕೇಳುವ ಪಿಸುದನಿಯಲ್ಲಿ ಹೇಳಿದಳು, "ಗಂಡ ಬೆಂಕ್ಯಾಗ ನಿಂತಾನ. ನೀ ಇಲ್ಲಿ ಚೈನಿ ಮಾಡ್ತಿ?"

ಭಾಗವ್ವ ಬಾಯಿ ತೆರೆದಳು. ಪರಸ್ಯಾ ಹತ್ತು ಹೆಜ್ಜೆ ದೂರದಲ್ಲಿ ಬೀಡಿ ಸೇದುತ್ತಿದ್ದ. ಬಾಯಿ ಮುಚ್ಚಿದಳು.

"ಬೈಕುಲ್ಲಾಕ್ಕೆ ನಡಿ," ಎಂದೆ. "ಇಂದ್ರಾಬಾಯಿಯ ಖಾನಾವಳಿ ಇದೆ. ಅಲ್ಲಿರು."

ಗಟ್ಟಿಯಾಗಿ ಹೇಳಿದೆ. ಎಲ್ಲರಿಗೂ ಕೇಳಿಸುವ ಹಾಗೆ. ಮೂರ್ಖ!

ಇಂದ್ರಾಬಾಯಿ ಬಾಗಲಕೋಟೆಯವಳು. ಮಾರ್ಕೆಟ್ಟಿನ ಹಮಾಲರಿಗೆ ರೊಟ್ಟಿ ಬಡಿದು ಹಾಕುವವಳು. ಏನೂ ಕೇಳಲಿಲ್ಲ. ಒಲೆಯ ಪಕ್ಕ ಚಾಪೆ ಹಾಸಿದಳು. ಡಾಕ್ಟರಮ್ಮ ಕೊಟ್ಟ ಗುಳಿಗೆಗೆ ರಕ್ತ ನಿಂತಿತ್ತು.

"ಎಲ್ಲಿದ್ದಾನೆ ಹಣಮಂತ?" ಎಂದೆ. "ಇದು ಸುಳ್ಳು ಅಂತ ಅವನಿಗೆ ತಿಳಿಸಬೇಕು."

"ನಂಗ ಗೊತ್ತಿಲ್ರಿ. ಗೊತ್ತಿದ್ರ ಬಾಯಿ ಬಿಡಿಸ್ತಾರ ಅಂತ ಹೇಳಲಿಲ್ಲ ಅಂವಾ. ಒಂದ ಸಲ ಬಂದಿದ್ದ ಚೈತ್ರದಾಗ, ರುದ್ರವ್ವನ ಮನಿಗೆ. ಅಕಿಗೆ ಅಷ್ಟ ಗೊತ್ತು. ಸುದ್ದಿ ಎಲ್ಲಾ ಅಕಿ ಕಡಿಂದನ ಹೋಗಬೇಕು. ಈಗ ಅಕಿ ಕಡಿ ಹೋದ್ರ ಪರಸ್ಯಾ ನೋಡ್ತಾನ." ಸೆರಗು ಹೊದ್ದು ಚಾಪೆಯ ಮೇಲೆ ಒರಗಿದಳು. "ಸೋಮವಾರ ಬಂದು ಹೇಳ್ತೀನಿ ಅಂದಾನ. ಬರ್ತಾನ."

ಮಾರನೆಯ ದಿನ, ಶನಿವಾರ, ಮಧ್ಯಾಹ್ನಕ್ಕೆ ಮುಂಚೆ ಖಾನಾವಳಿಯ ಎದುರಿನ ಪಾನಿನ ಅಂಗಡಿಯಲ್ಲಿ ಪರಸ್ಯಾ ಕೂತದ್ದನ್ನು ನೋಡಿದೆ. ಮೂಗಿಗೆ ಪಟ್ಟಿ. ಜೊತೆಗೆ ಇಬ್ಬರು.

ದಾನಪ್ಪ ನಂಬಿದ್ದರೆ ಕಾವಲು ಯಾಕೆ?

ನಂಬಿರಲಿಲ್ಲ! ನಂಬಿದ ಹಾಗೆ ನಕ್ಕು, ಆ ಮಾತನ್ನು ತಾನೇ ಬಸ್ತಿಗೆ ಕಳಿಸಿದ್ದ. ಸಾವಿಗೆ ಹೆದರಿ ಅಡಗಿದ ಗಂಡಸು ಇಂಥ ಮಾತು ಕೇಳಿ ಅಡಗಿ ಕೂರುವುದಿಲ್ಲ. ಹಣಮಂತ ಸತ್ತಿದ್ದರೆ ದಾನಪ್ಪನಿಗೆ ನಷ್ಟವಿಲ್ಲ. ಬದುಕಿದ್ದರೆ... ತಾನಾಗಿ ನಡೆದು ಬರುತ್ತಾನೆ. ಹೆಂಡತಿಯನ್ನು ಕಡಿಯಲು!

ಹಿತ್ತಿಲಿನಿಂದ ಹೊರಬಿದ್ದೆ. ಲೋಕಲ್ ಹಿಡಿದು ಪವಾಯಿಗೆ ಓಡಿದೆ. ರುದ್ರವ್ವ ಜಲ್ಲಿ ಹೊರುತ್ತಿದ್ದಳು. ಬುಟ್ಟಿ ಕಿತ್ತು ಎಸೆದು ಎಲ್ಲವನ್ನೂ ಹೇಳಿದೆ. ಯಂತ್ರ, ಚಾಕು, ಭಾಗವ್ವ ಆಡಿದ ಮಾತು.

ಮುದುಕಿ ಜಲ್ಲಿಯ ಮೇಲೆಯೇ ಕುಸಿದಳು.

"ಯವ್ವಾ... ನಾ ನಿನ್ನೆನ ಸುದ್ದಿ ಮುಟ್ಟಿಸೀನಲ್ಲೋ! ಭಿವಂಡಿ ಮಗ್ಗದಾಗ ಅದಾನ. ಅಕಿ ಎಲ್ಲಿದಾಳ ಅಂತನೂ ಹೇಳಿ ಕಳಿಸೀನಿ. ಇವತ್ತ ಬರ್ತಾನಂತ."

ಮತ್ತೆ ಲೋಕಲ್. ಘಾಟ್‌ಕೋಪರ್, ಕುರ್ಲಾ, ದಾದರ್... ಪರೇಲಿನಲ್ಲಿ ಸಿಗ್ನಲ್ ಸಿಗದೆ ನಿಂತಿತು. ನಾನು ಬಾಗಿಲ ಕಂಬಕ್ಕೆ ಹಣೆ ಚಚ್ಚಿಕೊಂಡೆ. ಬೈಕುಲ್ಲಾದಲ್ಲಿ ಗಾಡಿ ನಿಲ್ಲುವ ಮೊದಲೇ ಹಾರಿದೆ. ಮೊಣಕಾಲು ಸುಲಿಯಿತು. ಓಡಿದೆ. ಕೋಸಿನ ರಾಶಿ, ಈರುಳ್ಳಿ ಚೀಲ, ಕೈಗಾಡಿ... "ಏ, ಅಂಧಾ ಹೈ ಕ್ಯಾ!"

ಖಾನಾವಳಿಯ ಬಾಗಿಲ ಮುಂದೆ ಒಬ್ಬ ಹಮಾಲ. ತಲೆಯ ಮೇಲೆ ಗೋಣಿ ಕೊಪ್ಪೆ. ಹಮಾಲರು ಊಟಕ್ಕೆ ಬರುವ ಹೊತ್ತು ಅದು. ಆದರೆ ಇವನ ಕೈ ಗೋಣಿಯ ಒಳಗಿತ್ತು. ಮುಖ ನೋಡಿದೆ. ಭಾಗವ್ವನ ಗುಡಿಸಲಿನ ಗೋಡೆಯ ಮೇಲಿದ್ದ ಫೋಟೋದ ಮುಖ.

"ಹಣಮಂತಾ!"

ತಿರುಗಿದ. ಗೋಣಿ ಜಾರಿತು. ಕೊಯ್ತಾದ ಬಾಗಿದ ಅಲಗು ಮಿನುಗಿತು.

"ನೀನೇ ಏನೋ ಪೊಲೀಸ್ಯಾ?"

"ಸುಳ್ಳು ಅದು! ಕೇಳು ನನ್ನ ಮಾತು... ನಿನ್ನ ಹಿಂದ ನೋಡು!"

ಕೇಳಲಿಲ್ಲ. ಯಾರೆಂದು ಕೇಳುವಷ್ಟೇ ತಾಳ್ಮೆ ಉಳಿದಿತ್ತು ಅವನಲ್ಲಿ. ಕೊಯ್ತಾ ನನ್ನ ಪಕ್ಕೆಲುಬಿನ ಕೆಳಗೆ ಇಳಿಯಿತು. ನೋವಾಗಲಿಲ್ಲ. ತಣ್ಣಗಾಯಿತು, ಅಷ್ಟೇ. ಅವನು ಎಳೆಯಲು ನೋಡಿದ. ನಾನು ಅವನ ಮಣಿಕಟ್ಟು ಬಿಡಲಿಲ್ಲ. ಬಿಟ್ಟರೆ ಒಳಗೆ ಹೋಗುತ್ತಿದ್ದ.

ಪಾನಿನ ಅಂಗಡಿಯಿಂದ ಪರಸ್ಯಾ ಎದ್ದ. ರಸ್ತೆ ದಾಟಿದ. ಚಾಕು ಎತ್ತಿದ. ಹಣಮಂತನ ಬೆನ್ನು ಅವನಿಗೆ ತೆರೆದಿತ್ತು.

ಆಗ ಕುದಿಯುವ ಬೇಳೆಯ ಪಾತ್ರೆ ಬಾಗಿಲಿನಿಂದ ಹಾರಿ ಬಂತು!

ಎಸೆದವಳು ಭಾಗವ್ವ. ಪರಸ್ಯಾನ ಚೀರಾಟ ಬೈಕುಲ್ಲಾ ಸ್ಟೇಷನ್ನಿಗೆ ಕೇಳಿಸಿರಬೇಕು. ಊಟಕ್ಕೆ ಕೂತಿದ್ದ ಹಮಾಲರು ಎದ್ದರು. ತಮ್ಮ ಊಟ ಮಣ್ಣುಪಾಲಾದದ್ದಕ್ಕೋ, ನ್ಯಾಯಕ್ಕೋ, ನನಗೆ ಗೊತ್ತಿಲ್ಲ. ಪರಸ್ಯಾನನ್ನೂ ಅವನ ಇಬ್ಬರನ್ನೂ ಹಿಡಿದು ಈರುಳ್ಳಿ ಚೀಲದ ಹಾಗೆ ಒಗೆದರು.

ಗಂಡ ಹೆಂಡತಿ ಎದುರೆದುರು ನಿಂತಿದ್ದರು. ನಡುವೆ ನಾನು, ಕೊಯ್ತಾದ ಸಮೇತ. ಆಮೇಲಿನದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರು. ತಗಡಿನ ಮೇಲೆ ಬಿದ್ದೆ ಎಂದೆ. ಅವರು ನಂಬಲಿಲ್ಲ. ನನ್ನನ್ನು ಬಲ್ಲವರು. ಆದರೆ ಸೋಮವಾರ ಹಣಮಂತ ಕೈಕೋಳವಿಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ನಿಂತ. ನೋಡಿದ್ದನ್ನೂ ಕೇಳಿದ್ದನ್ನೂ ಹೇಳಿದ. ಗಣಿ ಅಗೆಸಿದರು. ಐದು ಹೆಣ ಸಿಕ್ಕವು. ಒಂದರ ಕೈ ಮೇಲಕ್ಕೆ ಚಾಚಿತ್ತಂತೆ. ದಾನಪ್ಪ ಟೋಪಿ ಇಲ್ಲದೆ ಜೀಪು ಹತ್ತಿದ.

ಮರುದಿನ ಡಾಕ್ಟರ್ ವಸಂತಿ ನನ್ನನ್ನು ನೋಡಲು ಬಂದರು. ಹಣಮಂತನನ್ನೂ ಕರೆಸಿದ್ದೆ. ಕಬ್ಬಿಣದ ಮಂಚದ ಕಾಲ ಬಳಿ, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

"ತಲೆ ನಾಲ್ಕು ಸೆಂಟಿಮೀಟರ್ ಇತ್ತು," ಎಂದರು ಡಾಕ್ಟರಮ್ಮ. "ಗರ್ಭ ನಿಂತದ್ದು ಏಪ್ರಿಲ್‌ನಲ್ಲಿ. ನೀನು ಬಂದದ್ದು ಯಾವಾಗ?"

"ಚೈತ್ರದಾಗರಿ. ಹುಣ್ಣಿಮಿ ಮುಂದ."

"ಮತ್ತೆ? ಸರಿಯಾಯ್ತಲ್ಲ!"

ಹಣಮಂತ ನನ್ನನ್ನು ತೋರಿಸಿದ. "ಇಂವಾ ಯಾವಾಗ ಬರ್ತಿದ್ದ?"

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಚಾವಣಿ ನೋಡಿದೆ.

ಅದೂ ಏಪ್ರಿಲ್.

"ಮಷಿನ್ನು ಯಾರು ಅಂತ ಹೇಳ್ತೈತೇನ್ರಿ ಬಾಯಾರ?"

"ಇಲ್ಲ," ಎಂದರು ಡಾಕ್ಟರಮ್ಮ. ಅಳತೆಯಲ್ಲಿ ಸುಳ್ಳು ಹೇಳದ ಹೆಂಗಸು. "ಯಾವಾಗ ಅಂತ ಮಾತ್ರ."

ರುದ್ರವ್ವ ಬಂದು ಹಣಮಂತನ ಕಾಲು ಹಿಡಿದಳು. ಇಂದ್ರಾಬಾಯಿ ಬೈದಳು. ಭಾಗವ್ವ ಮಾತ್ರ ಒಂದು ಮಾತೂ ಆಡಲಿಲ್ಲ. ಆಡಬೇಕಾದ್ದನ್ನು ಆ ಮಂಚದ ಮೇಲೆ ಆಡಿ ಮುಗಿಸಿದ್ದಳು.

ಗಾಯದ ಹೊಲಿಗೆ ಬಿಚ್ಚಿದ ದಿನ ಹಣಮಂತ ಊರಿಗೆ ಹೊರಟ. ನಾನು ವಿ.ಟಿ. ಸ್ಟೇಷನ್ನಿಗೆ ಹೋದೆ. ಡಬ್ಬಿಯ ಬಾಗಿಲಲ್ಲಿ ನಿಂತಿದ್ದ.

"ಹಣಮಂತ, ಕೂಸು ನಿಂದು."

"ಹಂಗಾದ್ರ ಅಕಿ ನಿನ್ನ ಹೆಸರು ಯಾಕ ಹೇಳಿದ್ಲು?"

"ನಿನ್ನ ಜೀವ ಉಳಿಸಾಕ."

ಕೆಟ್ಟವನಲ್ಲ ಅವನು. ಐದು ಹೆಣಗಳಿಗಾಗಿ ಇಡೀ ಬಸ್ತಿಯ ಮುಂದೆ ಗಂಟಲು ಹರಿದುಕೊಂಡವನು.

"ಹಿಂಗ ಉಳಿಸಂತ ನಾ ಹೇಳಿದ್ನೇನು?" ಎಂದ.

ಗಾಡಿ ಹೊತ್ತಿಗೆ ಸರಿಯಾಗಿ ಹೊರಟಿತು. ಇಂಥವರನ್ನು ಒಯ್ಯುವಾಗ ರೈಲ್ವೆಯವರು ಎಂದೂ ತಡ ಮಾಡುವುದಿಲ್ಲ.

ಸಂಕ್ರಾಂತಿಯ ಹೊತ್ತಿಗೆ, ಡಾಕ್ಟರಮ್ಮ ಹೇಳಿದ ವಾರದಲ್ಲೇ, ಹೆಣ್ಣು ಹುಟ್ಟಿತು. ಆ ಸುದ್ದಿ ಹೊತ್ತು ಸಿಂದಗಿ ಬಸ್ಸು ಹಿಡಿದೆ. ಹಣಮಂತನ ಊರಿಗೂ ಹೋದೆ. ಬೇರೆ ಮದುವೆ ಮಾಡಿಕೊಂಡಿದ್ದ. ನೀರು ಕೊಟ್ಟ. ಕೂತುಕೋ ಅನ್ನಲಿಲ್ಲ.

ಮರಳಿ ಬಂದ ದಿನ ಖಾನಾವಳಿಯಲ್ಲಿ ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು.

"ಹೆಂಗದಾನ್ರಿ ಅಣ್ಣಾರ?"

"ಚೆನ್ನಾಗದಾನ," ಎಂದೆ.

"ಜೀವಂತ ಅದಾನಲ್ಲ. ಸಾಕು."

ನನ್ನ ತಾಟಿಗೆ ಒಂದು ರೊಟ್ಟಿ ಹಾಕಿದಳು. ಸೀದು ಕರ್ರಗಾಗಿತ್ತು.

ತಿಂದೆ.